ಬೆದರಿಕೆ ಅಳೆಯುವ ಸ್ಪ್ರೆಡ್‌ಶೀಟ್

ಅಮೆರಿಕದ ಒಂದು ರಾಜ್ಯ ಸರ್ಕಾರದ ಐಟಿ ವಿಭಾಗದಲ್ಲಿ ನನ್ನ ಕೆಲಸ. ‘ಫಾರಿನ್ ಅಡ್ವರ್ಸರಿ’ (ಅಂದರೆ ವೈರಿ ದೇಶಗಳ) ಬೆದರಿಕೆ ಅಳೆಯಬೇಕು ಅಂದಾಗ ಗೂಢಚಾರರ ಕಥೆ ನೆನಪಾಗಿತ್ತು. ಆಮೇಲೆ ನೋಡಿದರೆ ಸುಮ್ನೆ ಒಂದು ಸ್ಪ್ರೆಡ್‌ಶೀಟ್! ಯಾವ ಇಲಾಖೆ, ಯಾವ ಸಾಧನ, ತಯಾರಿಸಿದ್ದು ಯಾವ ದೇಶ.

ಮೊದಮೊದಲು ನಾನು ಚೀನಾ, ರಷ್ಯಾ, ಇರಾನ್ ಹೆಸರು ಕಂಡ ಸಾಲಿಗೆಲ್ಲ ಕೆಂಪು ಬಣ್ಣ ಹಚ್ಚುತ್ತಿದ್ದೆ. ಟಿಕ್‌ಟಾಕ್ ಅಂತೂ ಸುಲಭ. 2022ರ ಕೊನೆಯಲ್ಲೇ ಟೆಕ್ಸಾಸ್, ಸೌತ್ ಡಕೋಟಾ ಸೇರಿ ಹಲವು ರಾಜ್ಯಗಳು ಅದನ್ನು ಸರ್ಕಾರಿ ಫೋನ್‌ಗಳಲ್ಲಿ ನಿಷೇಧಿಸಿದ್ದವು.

ನನ್ನ ಲೆಕ್ಕ ತಪ್ಪಿದ್ದು 2023ರ ನವೆಂಬರ್‌ನಲ್ಲಿ. ಪೆನ್ಸಿಲ್ವೇನಿಯಾದ ಅಲಿಕ್ವಿಪ್ಪಾ ಎಂಬ ಸಣ್ಣ ಊರಿನ ನೀರು ಸರಬರಾಜಿನ ಒಂದು ಪಂಪಿಂಗ್ ಕೇಂದ್ರಕ್ಕೆ ಇರಾನ್ ನಂಟಿನ ಹ್ಯಾಕರ್‌ಗಳು ನುಗ್ಗಿದರು. ಸಿಬ್ಬಂದಿ ಪಂಪನ್ನು ಕೈಯಿಂದಲೇ ನಡೆಸಬೇಕಾಯಿತು. ಅವರು ನುಗ್ಗಿದ್ದು ಪಂಪ್ ನಿಯಂತ್ರಿಸುವ ಕಂಟ್ರೋಲರ್ ಎಂಬ ಸಾಧನಕ್ಕೆ. ಅದು ತಯಾರಾಗಿದ್ದು ಎಲ್ಲಿ ಗೊತ್ತಾ? ಇಸ್ರೇಲಿನಲ್ಲಿ! ನನ್ನ ಶೀಟ್‌ನಲ್ಲಿ ಅದು ಹಸಿರು ಸಾಲು ಆಗಿರುತ್ತಿತ್ತು, ಅಲ್ವಾ?

ಕಂಪನಿ ಕೊಟ್ಟ ‘1111’ ಪಾಸ್‌ವರ್ಡ್ ಬದಲಿಸಿ ಎಂದು ಫೆಡರಲ್ ಸೈಬರ್ ಸಂಸ್ಥೆ ಸಿಸಾ ಆಮೇಲೆ ಎಚ್ಚರಿಸಿತು. ಈಗ ನನ್ನ ಶೀಟ್‌ನಲ್ಲಿ ದೇಶದ ಕಾಲಂಗಿಂತ ಮೊದಲು ಇನ್ನೆರಡು ಕಾಲಂ ಇವೆ: ಇಂಟರ್ನೆಟ್‌ಗೆ ನೇರ ತೆರೆದಿದೆಯಾ? ಪಾಸ್‌ವರ್ಡ್ ಯಾರು ಬದಲಿಸಿದರು? ಎರಡನೆಯದಕ್ಕೆ ಜಾಸ್ತಿ ಜನ ಉತ್ತರವನ್ನೇ ಬರೆದು ಕಳಿಸಿಲ್ಲ.