ಕೊನೇ ಬಸ್ಸಿನ ಹೊತ್ತು ನೋಡಿ ಪಾಠದ ಜಾಗ ಗೊತ್ತುಮಾಡಿ

ಬಡ ಮನೆಗಳ ಮಕ್ಕಳಿಗೆ ಪಾಠ ಹೇಳಿಕೊಡಲು, ಅವರ ಬೆನ್ನಿಗೆ ನಿಲ್ಲಲು ಒಂದು ಜಾಲ ಕಟ್ಟೋಣ ಎಂದು ಹೊರಟವರು ಸಾಮಾನ್ಯವಾಗಿ ಸ್ವಯಂಸೇವಕರ ಪಟ್ಟಿಯಿಂದ ಶುರುಮಾಡುತ್ತಾರೆ. ಶಿವಮೊಗ್ಗದಲ್ಲಿ ಸಭೆ ಕರೆದರೆ ಹೆಸರಿಗೆ ಬರವಿಲ್ಲ. ನಿವೃತ್ತ ಮೇಷ್ಟ್ರು, ಬಿ.ಎಡ್. ಓದುವ ಹುಡುಗಿಯರು, ಬ್ಯಾಂಕಿನವರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಎಲ್ಲರೂ ಮನಸ್ಸಿದ್ದವರೇ. ಆದರೆ ಅವರೆಲ್ಲ ಇರುವುದು ಪೇಟೆಯಲ್ಲಿ, ಪಾಠ ಬೇಕಾದ ಮಕ್ಕಳಿರುವುದು ಹೊಸನಗರದ ಆಚೆಯ ಕೇರಿಯಲ್ಲಿ, ಶಿಕಾರಿಪುರದ ತಾಂಡಾದಲ್ಲಿ, ಶರಾವತಿ ಹಿನ್ನೀರಿನ ಅಂಚಿನಲ್ಲಿ. ಎರಡು ತಿಂಗಳಲ್ಲಿ ಪಟ್ಟಿ ಕರಗುತ್ತದೆ. ಈ ಕೆಲಸದಲ್ಲಿರುವವರು ಎಲ್ಲಕ್ಕಿಂತ ಮೊದಲು ಬರೆದುಕೊಳ್ಳಬೇಕಾದದ್ದು ಬಸ್ಸಿನ ವೇಳೆ.

ಅದನ್ನು ಬರೆದುಕೊಳ್ಳುವ ನಕ್ಷೆ ಹೋಬಳಿ ಮಟ್ಟದ್ದಾಗಿರಲಿ. ತಾಲ್ಲೂಕಿನ ನಕ್ಷೆಯಲ್ಲಿ ಕೇರಿಗಳು ಕಾಣುವುದಿಲ್ಲ. ಗೋಡೆಗೆ ಅಂಟಿಸುವಷ್ಟು ದೊಡ್ಡ ಹಾಳೆಯ ಮೇಲೆ ಪ್ರೌಢಶಾಲೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ, ಹಾಸ್ಟೆಲ್, ಅಂಗನವಾಡಿ, ಸಮುದಾಯ ಭವನ ಗುರುತಿಸಿ. ಆಮೇಲೆ ಪ್ರತಿ ಬಸ್ ಸ್ಟಾಪಿನ ಪಕ್ಕ ಸಂಜೆಯ ಕೊನೇ ಬಸ್ಸಿನ ಹೊತ್ತು, ಮಳೆಗಾಲದಲ್ಲಿ ಮುಳುಗುವ ಕಾಲುಸಂಕ, ಮೊಬೈಲ್ ಸಿಗ್ನಲ್ ಸಿಗುವ ಜಾಗ ಬರೆಯಿರಿ. ಕೊನೆಗೆ ಎಂಟರಿಂದ ಹತ್ತನೇ ತರಗತಿಯ ಮಕ್ಕಳು ಯಾವ ಕೇರಿಯಲ್ಲಿ ಎಷ್ಟಿದ್ದಾರೆ ಎಂಬ ಸಂಖ್ಯೆ. ಸಂಖ್ಯೆ ಶಾಲೆಯ ಹಾಜರಿ ಪುಸ್ತಕದಲ್ಲಿ ಸಿಗುತ್ತದೆ, ದಾರಿಯ ವಿವರ ಬಸ್ ಕಂಡಕ್ಟರ್ ಮತ್ತು ಆಶಾ ಕಾರ್ಯಕರ್ತೆಯ ಬಾಯಲ್ಲಿ ಸಿಗುತ್ತದೆ. ಅಮೆರಿಕದ ಶಿಕಾಗೊ ನಗರದಲ್ಲಿ 1993ರಲ್ಲಿ ಶುರುವಾದ ಟ್ಯೂಟರ್/ಮೆಂಟರ್ ಕನೆಕ್ಷನ್ ಎಂಬ ಸಂಸ್ಥೆ ಕೂಡ ಇದೇ ದಾರಿ ಹಿಡಿಯಿತು: ಬಡತನ ಹೆಚ್ಚಿರುವ ಬಡಾವಣೆಗಳ ನಕ್ಷೆಯ ಮೇಲೆ ಪಾಠಕೇಂದ್ರಗಳನ್ನು ಗುರುತಿಸುತ್ತ ಹೋದರೆ ಎಲ್ಲಿ ಒಂದೂ ಇಲ್ಲ ಎಂಬುದು ತಾನಾಗಿ ಎದ್ದು ಕಾಣುತ್ತದೆ. ನಮ್ಮ ಜಿಲ್ಲೆಯ ಹಾಳೆಯಲ್ಲೂ ಕಾಣುವುದು ಅದೇ. ಹೆದ್ದಾರಿ ಪಕ್ಕದ ಊರಿಗೆ ಮೂರು ಸಂಸ್ಥೆ ಬಂದಿರುತ್ತವೆ, ಎಂಟು ಕಿಲೋಮೀಟರ್ ಒಳಗಿನ ಊರಿಗೆ ಒಂದೂ ಬಂದಿರುವುದಿಲ್ಲ.

ಶಾಲೆಯ ಕಟ್ಟಡದಲ್ಲೇ ಸಂಜೆ ಪಾಠ ಇಟ್ಟುಕೊಳ್ಳುವುದು ಎಲ್ಲರಿಗೂ ಹೊಳೆಯುವ ಯೋಚನೆ, ಮಲೆನಾಡಿನಲ್ಲಿ ಬೇಗ ಸೋಲುವ ಯೋಚನೆಯೂ ಅದೇ. ಶಾಲೆ ಬಿಟ್ಟ ಕೂಡಲೇ ಬರುವ ಬಸ್ಸು ತಪ್ಪಿದರೆ ಮಗು ಕಾಡುದಾರಿಯಲ್ಲಿ ನಡೆಯಬೇಕು. ಡಿಸೆಂಬರಿನಲ್ಲಿ ಆರು ಗಂಟೆಯ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಮರಗಳ ಕೆಳಗೆ ಅದಕ್ಕೂ ಮುಂಚೆಯೇ ಕತ್ತಲೆ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಇರುವುದು ಸರ್ಕಾರಿ ಬಸ್ಸಿನಲ್ಲಿ. ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಟಿಕೆಟ್ ಕೊಳ್ಳಲೇಬೇಕು. ಹಾಗಾಗಿ ಪಾಠದ ಜಾಗ ಮನೆಯಿಂದ ಹದಿನೈದು ನಿಮಿಷದ ನಡಿಗೆಯೊಳಗೆ ಇರಬೇಕು. ಅರಿವು ಕೇಂದ್ರ ಹತ್ತಿರವಿದ್ದರೆ ಅದು, ಇಲ್ಲದಿದ್ದರೆ ಸಮುದಾಯ ಭವನ, ಅದೂ ಇಲ್ಲದಿದ್ದರೆ ಅಂಗನವಾಡಿ. ಯಾರದೋ ಮನೆಯ ಜಗಲಿ ಕೊನೆಯ ಆಯ್ಕೆಯಾಗಿರಲಿ. ಜಗಲಿಗೆ ಎಲ್ಲ ಜಾತಿಯ ಮಕ್ಕಳೂ ಹತ್ತುತ್ತಾರೆಯೇ ಎಂಬುದನ್ನು ಮೊದಲು ನೋಡಿ, ಆಮೇಲೆ ಒಪ್ಪಿಕೊಳ್ಳಿ. ಮಲೆನಾಡಿನ ಬುಡಕಟ್ಟಿನವರಾದ ಹಸಲರ ಕೇರಿಯ ಮಗು ಹೊರಗೆ ಅಂಗಳದಲ್ಲಿ ಕೂತು ಕಲಿಯುವ ಕೇಂದ್ರ ನಡೆಸುವುದಕ್ಕಿಂತ ನಡೆಸದಿರುವುದು ಮೇಲು.

ನಕ್ಷೆಯನ್ನು ವರ್ಷಕ್ಕೊಮ್ಮೆ ತಿದ್ದಲೇಬೇಕು. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಗೆ ಸಂಜೆ ಲಾಂಚ್ ನಿಂತ ಮೇಲೆ ಸಾಗರದಿಂದ ಹೋಗಿ ಬರುವಂತಿರಲಿಲ್ಲ. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಆ ಲೆಕ್ಕವೇ ಬದಲಾಗಿದೆ.

ಇನ್ನು ಪಂಚಾಂಗ. ಬೆಂಗಳೂರಿನಲ್ಲಿ ಮಾಡಿದ ಹತ್ತು ತಿಂಗಳ ಪಾಠಯೋಜನೆ ಇಲ್ಲಿ ನಡೆಯುವುದಿಲ್ಲ. ಜೂನ್ ನಡುವಿನಿಂದ ಆಗಸ್ಟ್‌ವರೆಗೆ ಮಳೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮಳೆ ರಜೆಗಳು ಸಾಲಾಗಿ ಬರುತ್ತವೆ, ಆ ರಜೆ ತುಂಬಲು ಶನಿವಾರ ಪೂರ್ತಿ ದಿನ ಶಾಲೆ ಇಡುತ್ತಾರೆ, ಅಲ್ಲಿಗೆ ಶನಿವಾರ ಮಧ್ಯಾಹ್ನದ ನಮ್ಮ ತರಗತಿ ಹೋಯಿತು. ನಾಟಿಯ ದಿನಗಳಲ್ಲಿ ದೊಡ್ಡ ಮಕ್ಕಳು ಗದ್ದೆಯಲ್ಲಿರುತ್ತಾರೆ, ಇಲ್ಲವೇ ಮನೆಯಲ್ಲಿ ತಮ್ಮ-ತಂಗಿಯರನ್ನು ನೋಡಿಕೊಳ್ಳುತ್ತಿರುತ್ತಾರೆ. ದೀಪಾವಳಿ ಆಚೀಚೆಯಿಂದ ಅಡಿಕೆ ಕೊಯ್ಲು ಶುರು. ಸುಲಿತ ನಡೆಯುವುದು ರಾತ್ರಿ. ತಾಯಿಯ ಜತೆ ಕೂತು ಹನ್ನೊಂದು ಗಂಟೆವರೆಗೆ ಅಡಿಕೆ ಸುಲಿದ ಮಗು ಮರುದಿನ ಸಂಜೆ ಪುಸ್ತಕದ ಮೇಲೆಯೇ ಮಲಗುತ್ತದೆ. ಅದನ್ನು ಸೋಮಾರಿತನ ಎಂದು ಬರೆದುಕೊಳ್ಳುವ ಸ್ವಯಂಸೇವಕರಿಗೆ ಒಂದು ಸಲ ಸುಲಿಯುವ ಚಪ್ಪರ ತೋರಿಸಿಕೊಂಡು ಬರಬೇಕು. ಆ ಮೂರು ತಿಂಗಳು ವಾರಕ್ಕೆ ನಾಲ್ಕು ಸಂಜೆಯ ಬದಲು ಎರಡು ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಎರಡು ಗಂಟೆ ಎಂದು ಬದಲಿಸಿದರೆ ಹಾಜರಿ ಉಳಿಯುತ್ತದೆ. ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಕಾಡಂಚಿನ ಮನೆ ಭೇಟಿಗೆ ಹೋಗುವವರು ಅದನ್ನು ಹರಡುವ ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಂಡೇ ಹೋಗಲಿ.

ಇಷ್ಟೆಲ್ಲ ಕಳೆದು ಉಳಿಯುವ ದಿನ ಕಡಿಮೆ. ಆದ್ದರಿಂದ ಮಗುವನ್ನು ತರಗತಿಯ ಪ್ರಕಾರ ಕೂರಿಸಿ ಪಠ್ಯ ಮುಗಿಸುವ ಓಟಕ್ಕೆ ಇಳಿಯಬೇಡಿ. ಮೊದಲ ವಾರ ಒಬ್ಬೊಬ್ಬರನ್ನೇ ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಹಳ್ಳಿಯ ಮಕ್ಕಳ ಓದು, ಲೆಕ್ಕ ಅಳೆಯುವ ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯ ಒಂದು ಪುಟದ ಸಾಧನ ಇದಕ್ಕೆ ಸಾಕು: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ನಾಲ್ಕು ಸಾಲು, ಎರಡನೇ ತರಗತಿ ಮಟ್ಟದ ಕಥೆ. ಲೆಕ್ಕದಲ್ಲಿ ಒಂದಂಕಿ, ಎರಡಂಕಿ ಗುರುತಿಸುವುದು, ದಶಕ ತೆಗೆದುಕೊಂಡು ಕಳೆಯುವುದು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವುದು. ಒಂಬತ್ತನೇ ತರಗತಿಯ ಮಗು ಭಾಗಾಕಾರದಲ್ಲಿ ನಿಂತಿದ್ದರೆ ಅದಕ್ಕೆ ಬಹುಪದೋಕ್ತಿ ಹೇಳಿಕೊಟ್ಟು ಫಲವಿಲ್ಲ. ದಿನದ ತೊಂಬತ್ತು ನಿಮಿಷದಲ್ಲಿ ಮೊದಲ ಐವತ್ತು ಮಟ್ಟದ ಗುಂಪಿನಲ್ಲಿ, ಉಳಿದ ನಲವತ್ತು ಶಾಲೆಯ ಆ ವಾರದ ಪಾಠದಲ್ಲಿ. ಎರಡನೆಯದನ್ನು ಬಿಟ್ಟರೆ ಮಗುವಿಗೆ ಶಾಲೆಯಲ್ಲಿ ಮುಖವಿಲ್ಲದಂತಾಗಿ ಬರುವುದನ್ನೇ ನಿಲ್ಲಿಸುತ್ತದೆ. ಒಬ್ಬರ ಕೈಗೆ ಆರು ಮಕ್ಕಳು, ಹೆಚ್ಚೆಂದರೆ ಎಂಟು.

ತಾಂಡಾಗಳಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ಲಂಬಾಣಿ ಮಾತಾಡುವ ಮಗುವಿಗೆ ಲೆಕ್ಕ ಗೊತ್ತಿರುತ್ತದೆ, ‘ಲಘುತ್ತಮ ಸಾಮಾನ್ಯ ಅಪವರ್ತ್ಯ’ ಎಂಬ ಪದ ಗೊತ್ತಿರುವುದಿಲ್ಲ. ಅದೇ ತಾಂಡಾದಲ್ಲಿ ಪಿಯುಸಿ ಮುಗಿಸಿದ ಹುಡುಗಿ ಇದನ್ನು ಅರ್ಧ ಗಂಟೆಯಲ್ಲಿ ಬಿಡಿಸಿಕೊಡುತ್ತಾಳೆ. ಮುಂಬಯಿ ಮತ್ತು ವಡೋದರಾದ ಶಾಲೆಗಳಲ್ಲಿ ಹಿಂದುಳಿದ ಮಕ್ಕಳಿಗೆ ಪಾಠ ಹೇಳಿದ ‘ಬಾಲಸಖಿ’ಯರು ಇಂಥ ಸ್ಥಳೀಯ ಯುವತಿಯರೇ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆ ಮಕ್ಕಳ ಅಂಕ ಸ್ಪಷ್ಟವಾಗಿ ಏರಿತ್ತು. ಆದರೆ ಆ ಹುಡುಗಿಗೆ ತಿಂಗಳ ಗೌರವಧನ ಕೊಡಿ, ಪ್ರತಿ ತಿಂಗಳು ಒಂದೇ ತಾರೀಖಿಗೆ ಕೊಡಿ. ಪೇಟೆಯವರ ಸಮಯ ದಾನವಾಗಬಹುದು, ಕೂಲಿ ಮನೆಯ ಹುಡುಗಿಯ ಸಂಜೆ ದಾನವಾಗಬಾರದು.

ಪಾಠ ಹೇಳುವವರೂ ಜತೆ ನಿಲ್ಲುವವರೂ ಬೇರೆ ಬೇರೆ ಇರಲಿ. ಪಾಠದವರು ಊರಿನವರು, ವಾರಕ್ಕೆ ನಾಲ್ಕು ದಿನ ಸಿಗುವವರು. ಜತೆಗಾರರು ಪೇಟೆಯಿಂದ ಹದಿನೈದು ದಿನಕ್ಕೊಮ್ಮೆ ಬಂದರೂ ನಡೆಯುತ್ತದೆ. ಅವರ ಕೆಲಸ ಮಾತಾಡುವುದು, ಕಾಲೇಜು ತೋರಿಸುವುದು, ಮನೆಯವರ ಜತೆ ಕೂರುವುದು. ಒಬ್ಬರೇ ಎರಡನ್ನೂ ಹೊತ್ತರೆ ಪ್ರತಿ ಭೇಟಿಯೂ ‘ಹೋಂವರ್ಕ್ ಆಯ್ತಾ?’ ಎಂಬಲ್ಲಿಗೆ ಬಂದು ನಿಲ್ಲುತ್ತದೆ, ಮಗು ಬಾಯಿ ಬಿಡುವುದಿಲ್ಲ. ಒಬ್ಬ ಜತೆಗಾರರಿಗೆ ಇಬ್ಬರು ಅಥವಾ ಮೂವರು ಮಕ್ಕಳು, ಅದಕ್ಕಿಂತ ಹೆಚ್ಚು ಬೇಡ.

ಜಾಲ ಏಕೆ ಬೇಕು ಎಂಬುದಕ್ಕೆ ಉತ್ತರ ಇಲ್ಲಿದೆ. ಜತೆಗಾರರು ಬಿಟ್ಟು ಹೋಗುತ್ತಾರೆ. ಕೆಲಸ ಸಿಗುತ್ತದೆ, ಮದುವೆಯಾಗುತ್ತದೆ, ಸೆಮಿಸ್ಟರ್ ಪರೀಕ್ಷೆ ಬರುತ್ತದೆ. ಅಮೆರಿಕದ ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ವರ್ಷ ದಾಟಿದ ಒಡನಾಟದಿಂದ ಮಕ್ಕಳಿಗೆ ಹೆಚ್ಚು ಲಾಭವಾಗಿತ್ತು, ಮೂರು ತಿಂಗಳೊಳಗೆ ಮುರಿದದ್ದರಿಂದ ಮಗುವಿಗೆ ತನ್ನ ಬಗ್ಗೆ ಇದ್ದ ಭರವಸೆಯೇ ಇಳಿದಿತ್ತು. ಅಪ್ಪ ಕುಡಿದು ಮನೆಬಿಟ್ಟಿರುವ ಮಗುವಿಗೆ ಇನ್ನೊಬ್ಬ ‘ಅಣ್ಣ’ ಹೇಳದೆ ಕೇಳದೆ ಮಾಯವಾಗುವುದು ಸಣ್ಣ ಸಂಗತಿಯಲ್ಲ. ಅದಕ್ಕೇ ಒಂದು ವರ್ಷಕ್ಕಿಂತ ಕಡಿಮೆ ಇರುವವರಿಗೆ ಮಗುವನ್ನು ಕೊಡಬೇಡಿ, ಪುಸ್ತಕದ ಪೆಟ್ಟಿಗೆ ಸಾಗಿಸುವುದು, ವಿಜ್ಞಾನದ ಒಂದು ದಿನದ ಪ್ರಯೋಗ ಮಾಡಿ ತೋರಿಸುವುದು ಮುಂತಾದ ಕೆಲಸ ಕೊಡಿ. ಹೊರಡುವವರು ಆರು ವಾರ ಮೊದಲು ತಿಳಿಸಬೇಕು. ಹಳಬರು ಹೊಸಬರು ಜತೆಯಾಗಿ ಕನಿಷ್ಠ ಎರಡು ಸಲ ಮಗುವನ್ನು ಭೇಟಿಯಾಗಬೇಕು. ಪ್ರತಿ ಮಗುವಿಗೂ ಒಂದು ಪುಟದ ಚೀಟಿ ಇರಲಿ: ಓದಿನ ಮಟ್ಟ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಬಾಕಿ ಇರುವ ಕಾಗದಪತ್ರ, ಮಗುವಿಗೆ ಏನು ಇಷ್ಟ. ಅಷ್ಟೇ ಬರೆಯಿರಿ. ಮನೆಯ ಜಗಳ ಬರೆದಿಡುವ ಪುಸ್ತಕ ಮಾಡಬೇಡಿ. ಒಂದೇ ಕಾಲೇಜನ್ನು ನಂಬಿದರೆ ಪರೀಕ್ಷೆಯ ತಿಂಗಳು ಇಡೀ ಹೋಬಳಿ ಖಾಲಿಯಾಗುತ್ತದೆ, ಆದ್ದರಿಂದ ವಿದ್ಯಾರ್ಥಿಗಳ ಜತೆ ನಿವೃತ್ತರನ್ನೂ ಬೆರೆಸಿ. ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಯಿಂದ ನಿವೃತ್ತರಾದ ಫಿಟ್ಟರುಗಳು, ಎಲೆಕ್ಟ್ರಿಷಿಯನ್‌ಗಳು ಇದ್ದಾರೆ. ವರ್ನಿಯರ್ ಕ್ಯಾಲಿಪರ್ ಹಿಡಿಸಿ ದಶಮಾಂಶ ಕಲಿಸಲು, ಐಟಿಐ ಎಂದರೇನು ಎಂದು ಹೇಳಲು ಅವರಿಗಿಂತ ತಕ್ಕವರು ಸಿಗುವುದಿಲ್ಲ.

ತಿಂಡಿಯ ವಿಷಯವನ್ನು ಅನೇಕರು ಖರ್ಚಿನ ಪಟ್ಟಿಯ ಕೊನೆಗೆ ಹಾಕುತ್ತಾರೆ. ಬಿಸಿಯೂಟ ಉಂಡು ನಾಲ್ಕೈದು ಗಂಟೆಯಾದ ಮಗುವಿಗೆ ಲೆಕ್ಕ ತಲೆಗೆ ಹತ್ತುವುದಿಲ್ಲ. ಇಪ್ಪತ್ತನಾಲ್ಕು ಮಕ್ಕಳಿಗೆ ತಲಾ ಐವತ್ತು ಗ್ರಾಂನಂತೆ ಒಂದು ಕಿಲೋ ಇನ್ನೂರು ಗ್ರಾಂ ಅವಲಕ್ಕಿ, ಒಂದು ತೆಂಗಿನಕಾಯಿ, ಬೆಲ್ಲ. ಮರುದಿನ ತಲಾ ಮೂವತ್ತು ಗ್ರಾಂ ಕಡಲೆ ನೆನೆಸಿ ಬೇಯಿಸಿದ್ದು. ಅಡುಗೆಗೆ ಊರಿನ ಸ್ವಸಹಾಯ ಸಂಘದವರು ಸಿಗುತ್ತಾರೆ. ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲ, ಆರು ಮಕ್ಕಳಿಗೊಂದು ಚಾರ್ಜ್ ಆಗುವ ಎಲ್‌ಇಡಿ ದೀಪ ಇರಲಿ. ಒದ್ದೆ ಕೊಡೆ ನೇತುಹಾಕಲು ಹಗ್ಗ, ಪುಸ್ತಕ ಇಡಲು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ ಬೇಕೇ ಬೇಕು. ಮರದ ಕಪಾಟಿನಲ್ಲಿಟ್ಟ ಪುಸ್ತಕಕ್ಕೆ ಆಷಾಢದಲ್ಲಿ ಬೂಷ್ಟು ಹಿಡಿಯುತ್ತದೆ.

ಕಾಗದಪತ್ರಕ್ಕೆಂದೇ ಹೋಬಳಿಗೊಬ್ಬರನ್ನು ಮೀಸಲಿಡಿ. ಬಡ ಮನೆಯ ಮಕ್ಕಳಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಕೊಡಿಸುವ ಎನ್‌ಎಂಎಂಎಸ್ ಪರೀಕ್ಷೆಯನ್ನು ಸರ್ಕಾರಿ, ಅನುದಾನಿತ ಶಾಲೆಯ ಎಂಟನೇ ತರಗತಿಯವರು ಬರೆಯಬಹುದು. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರಿರಬಾರದು. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ವಸತಿ ಶಾಲೆಯ ಮಕ್ಕಳಿಗೆ ಇದಿಲ್ಲ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಎಂಬ ಜಾಲತಾಣದಲ್ಲಿ ಹಾಕುವ ಅರ್ಜಿ ತಿರಸ್ಕೃತವಾಗುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಆಧಾರ್‌ನಲ್ಲಿ ಒಂದು ಹೆಸರು ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು, ಅಥವಾ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ. ಇನಿಷಿಯಲ್ ಹಿಂದೆ ಇದೆಯೋ ಮುಂದೆ ಇದೆಯೋ ಎಂಬಷ್ಟಕ್ಕೆ ವರ್ಷದ ಹಣ ನಿಲ್ಲುತ್ತದೆ. ಇದನ್ನು ಜೂನ್‌ನಲ್ಲೇ ಸರಿಪಡಿಸಬೇಕು. ನಾಡಕಚೇರಿಗೆ ಒಬ್ಬೊಬ್ಬರೇ ಅಲೆದರೆ ಒಂದೊಂದು ದಿನದ ಕೂಲಿ ಹೋಗುತ್ತದೆ, ಹತ್ತು ಮನೆಯವರ ಕಾಗದ ಮೊದಲೇ ಜೋಡಿಸಿಕೊಂಡು ಒಟ್ಟಿಗೆ ಕರೆದುಕೊಂಡು ಹೋಗಿ.

ಮಕ್ಕಳ ಸುರಕ್ಷತೆಯಲ್ಲಿ ಸಡಿಲ ಬೇಡ. ಪೊಲೀಸ್ ಪರಿಶೀಲನೆ ಆಗದವರು ಮಕ್ಕಳ ಜತೆ ಕೂರಬಾರದು, ನಿವೃತ್ತ ಮೇಷ್ಟ್ರಾದರೂ ಸರಿ. ಕೇಂದ್ರದಲ್ಲಿ ಯಾವಾಗಲೂ ಇಬ್ಬರು ದೊಡ್ಡವರು, ಬಾಗಿಲು ತೆರೆದಿರಲಿ, ಬೈಕಿನಲ್ಲಿ ಮಗುವನ್ನು ಒಂಟಿಯಾಗಿ ಬಿಟ್ಟುಬರುವುದು ಬೇಡ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ, ಊರಿನ ಹಿರಿಯರ ಪಂಚಾಯ್ತಿಗೆ ಬಿಡುವ ವಿಷಯ ಅದಲ್ಲ. ಮಕ್ಕಳ ಸಹಾಯವಾಣಿ 1098 ಎಂದು ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.

ಜಾಲದ ಸಭೆ ಮೂರು ತಿಂಗಳಿಗೊಮ್ಮೆ, ಪ್ರತಿ ಸಲ ಬೇರೆ ತಾಲ್ಲೂಕಿನಲ್ಲಿ. ಶಿವಮೊಗ್ಗದಲ್ಲೇ ಇಟ್ಟರೆ ಸೊರಬದ ಹುಡುಗಿ ಬರುವುದಿಲ್ಲ. ಪ್ರತಿ ಕೇಂದ್ರ ತರಬೇಕಾದದ್ದು ಮೂರು ಸಂಗತಿ: ಎಷ್ಟು ಮಕ್ಕಳು ಒಂದು ಮಟ್ಟ ಮೇಲೇರಿದರು, ಎಷ್ಟು ಮಕ್ಕಳು ಬರುವುದು ನಿಲ್ಲಿಸಿದರು ಮತ್ತು ಏಕೆ, ಈಗ ಏನು ಬೇಕು. ನಿಲ್ಲಿಸಿದವರ ಲೆಕ್ಕ ಕೊಡದ ಕೇಂದ್ರದ ಉಳಿದ ಲೆಕ್ಕವನ್ನೂ ನಂಬಬೇಡಿ. ಸಂಸ್ಥೆಗಳ ನಡುವೆ ಜಗಳ ಬರುವುದು ಹೆಚ್ಚಾಗಿ ಫೋಟೊ ಮತ್ತು ಬ್ಯಾನರಿನ ವಿಷಯಕ್ಕೆ. ಯಾವ ಕೇಂದ್ರದಲ್ಲೂ ಯಾರ ಬ್ಯಾನರೂ ಬೇಡ ಎಂದು ಮೊದಲ ಸಭೆಯಲ್ಲೇ ತೀರ್ಮಾನಿಸಿಕೊಳ್ಳಿ.

ವರ್ಷದ ಅತಿ ಮುಖ್ಯ ವಾರ ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ. ಆಗ ಬೇಸಿಗೆ ರಜೆ, ಕೇಂದ್ರಗಳು ಮುಚ್ಚಿರುತ್ತವೆ, ಸ್ವಯಂಸೇವಕರು ಊರಿಗೆ ಹೋಗಿರುತ್ತಾರೆ. ಅದೇ ವಾರ ಫೇಲಾದ ಹುಡುಗ ಬೆಂಗಳೂರಿನ ಬೇಕರಿಗೋ ಶುಂಠಿ ಕೆಲಸಕ್ಕೋ ಹೊರಟುಬಿಡುತ್ತಾನೆ. 2024ರಿಂದ ಪರೀಕ್ಷೆ-1, ಪರೀಕ್ಷೆ-2 ಎಂಬ ಪದ್ಧತಿ ಬಂದ ಮೇಲೆ ಅದೇ ವರ್ಷ ಮತ್ತೆ ಬರೆದು ಮುಂದಿನ ತರಗತಿ ಸೇರಬಹುದು, ಆದರೆ ಹೆಸರು ಕೊಡಲು ಸಿಗುವುದು ಕೆಲವೇ ದಿನ. ಆದ್ದರಿಂದ ಜತೆಗಾರರ ರಜೆಯನ್ನು ಏಪ್ರಿಲ್ ಮೊದಲರ್ಧಕ್ಕೆ ಸರಿಸಿ. ಫಲಿತಾಂಶ ಬಂದ ಮೂರು ದಿನದೊಳಗೆ ಪ್ರತಿ ಮಗುವಿನ ಮನೆಗೆ ಒಬ್ಬರು ಹೋಗಲಿ, ಫೋನ್ ಸಾಲದು. ಪಾಸಾದವರ ಮನೆಗೆ ಹೋಗುವಾಗ ಪಿಯು, ಐಟಿಐ, ಡಿಪ್ಲೊಮಾ ಅರ್ಜಿಯ ಕೊನೆಯ ದಿನಾಂಕ ಬರೆದ ಚೀಟಿ ಕೈಯಲ್ಲಿರಲಿ. ಹಾಸ್ಟೆಲ್ ಅರ್ಜಿ ಬೇರೆಯೇ ಹಾಕಬೇಕು, ಕಾಲೇಜು ಸೇರಿದ ಕೂಡಲೇ ಹಾಸ್ಟೆಲ್ ಸಿಕ್ಕಿತು ಎಂದು ತಿಳಿದು ಕೂತ ಮನೆಗಳೇ ಹೆಚ್ಚು. ಫೇಲಾದವರ ಮನೆಗೆ ಹೋಗುವವರು ಅಂಕಪಟ್ಟಿ ನೋಡಿ ಯಾವ ವಿಷಯಕ್ಕೆ ಎಷ್ಟು ಅಂಕ ಬೇಕು ಎಂದು ಅಪ್ಪ ಅಮ್ಮನ ಎದುರಿಗೆ ಲೆಕ್ಕ ಹಾಕಿ ತೋರಿಸಲಿ, ಪರೀಕ್ಷಾ ಶುಲ್ಕ ಜಾಲದ ಹಣದಿಂದ ಅವತ್ತೇ ಕೊಡಲಿ, ಮರುದಿನ ಬೆಳಿಗ್ಗೆ ಮಗುವನ್ನು ಶಾಲೆಗೆ ಕರೆದುಕೊಂಡು ಹೋಗಿ ಹೆಸರು ಕೊಡಿಸಿಯೇ ಬರಲಿ.