ಚಿಕ್ಕಮ್ಮನ ಇಂಗ್ಲಿಷಿಗೆ ಮರಾಠಿಯ ನೆರವು

ಮದುವೆಯಾಗಿ ಕುಂದಾಪುರದಿಂದ ಮುಂಬೈ ಬಳಿಯ ಡೊಂಬಿವಲಿಗೆ ಬಂದು 32 ವರ್ಷ ಕಳೆದಿರುವ ನನ್ನ ಚಿಕ್ಕಮ್ಮ ಮನೆಯಲ್ಲಿ ಕುಂದಗನ್ನಡವನ್ನು, ಮಾರುಕಟ್ಟೆಯಲ್ಲಿ ಮರಾಠಿಯನ್ನು, ಲೋಕಲ್ ರೈಲಿನಲ್ಲಿ ಹಿಂದಿಯನ್ನು ಸಲೀಸಾಗಿ ಆಡುತ್ತಾರೆ. ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿದ ಮೊಮ್ಮಗಳ ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲೇ ಉತ್ತರಿಸಬೇಕೆಂಬ ಆಸೆಯಿಂದ ಅವರು ಈ ಮಳೆಗಾಲದಲ್ಲಿ ನನ್ನ ಬಳಿ ಪಾಠಕ್ಕೆ ಕೂತರು. ದಿನಚರಿಯನ್ನು ಹೇಳುವ ಸರಳ ವರ್ತಮಾನ ಕಾಲದಿಂದಲೇ ಆರಂಭಿಸಿದೆವು.

"ಐ ಆ್ಯಮ್ ಗೆಟಿಂಗ್ ಅಪ್ ಡೈಲಿ ಫೈವ್ ಓಕ್ಲಾಕ್" ಎಂಬುದು ಅವರ ಮೊದಲ ವಾಕ್ಯವಾಗಿತ್ತು. ದಿನದ ರೂಢಿಯನ್ನು ಹೇಳಲು ಇಂಗ್ಲಿಷಿನಲ್ಲಿ "ಐ ಗೆಟ್ ಅಪ್" ಎನ್ನಬೇಕು. ಕನ್ನಡದಲ್ಲಿ "ಐದಕ್ಕೆ ಏಳುತ್ತೇನೆ" ಎಂದರೆ ದಿನವೂ ಏಳುವುದೂ ಆಗಬಹುದು, ನಾಳೆ ಏಳಲಿರುವುದೂ ಆಗಬಹುದು. ಆದ್ದರಿಂದ ಕನ್ನಡದ ಮೂಲಕ ನಾನು ಕೊಟ್ಟ ವಿವರಣೆ ಅವರಿಗೆ ಹಿಡಿಸಲಿಲ್ಲ. ಮರಾಠಿ ಹಾಗಲ್ಲ. "ಮೀ ರೋಜ್ ಪಾಚ್ ವಾಜತಾ ಉಠತೇ" ಎಂದರೆ ರೂಢಿ, "ಉದ್ಯಾ ಉಠೇನ್" ಎಂದರೆ ನಾಳೆಯ ಮಾತು. "ಉಠತೇ" ಎನ್ನುವಲ್ಲಿ "ಐ ಗೆಟ್ ಅಪ್", "ಉಠೇನ್" ಎನ್ನುವಲ್ಲಿ "ಐ ವಿಲ್ ಗೆಟ್ ಅಪ್" ಎಂದು ತೋರಿಸಿಕೊಟ್ಟ ಮೇಲೆ ಅವರು ಮುಂಜಾನೆಯ ನೀರು ಹಿಡಿಯುವುದರಿಂದ ಹಿಡಿದು ರಾತ್ರಿ ದೋಸೆಗೆ ಅಕ್ಕಿ ರುಬ್ಬುವವರೆಗಿನ ಕೆಲಸಗಳನ್ನೆಲ್ಲ ತಪ್ಪಿಲ್ಲದೆ ಹೇಳಿದರು. ಬಂದು ನೆಲೆಸಿದ ಊರಿನ ಭಾಷೆಯೊಂದು ಇನ್ನೊಂದು ಭಾಷೆಗೆ ಹೀಗೆ ಏಣಿಯಾಗುವುದನ್ನು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು.

ಇಷ್ಟಾನಿಷ್ಟಗಳನ್ನು ಹೇಳುವಾಗ ಮಾತ್ರ ಈ ಏಣಿ ನೆರವಿಗೆ ಬರಲಿಲ್ಲ. "ನನಗೆ ಚಹಾ ಇಷ್ಟ", "ಮಲಾ ಚಹಾ ಆವಡತೋ", "ಮುಝೇ ಚಾಯ್ ಪಸಂದ್ ಹೈ" ಎಂಬ ಮೂರೂ ವಾಕ್ಯಗಳು "ನನಗೆ" ಎಂದೇ ಶುರುವಾಗುತ್ತವೆ. ಸಾಲದ್ದಕ್ಕೆ ಮರಾಠಿಯಲ್ಲಿ "ನಾನು" ಎನ್ನಲು "ಮೀ" ಎಂಬ ಪದವಿದೆ, ಇಂಗ್ಲಿಷಿನಲ್ಲಿ ಅದೇ ಉಚ್ಚಾರದ ಪದಕ್ಕೆ "ನನ್ನನ್ನು, ನನಗೆ" ಎಂಬ ಅರ್ಥವಿದೆ. ಎರಡೂ ಸೇರಿ ಚಿಕ್ಕಮ್ಮ "ಮೀ ಲೈಕ್ ಟೀ" ಎಂದದ್ದರಲ್ಲಿ ಆಶ್ಚರ್ಯವೇನಿಲ್ಲ. "ನಾನು ಚಹಾವನ್ನು ಮೆಚ್ಚುತ್ತೇನೆ" ಎಂದು ಮೊದಲು ಮನಸ್ಸಿನಲ್ಲಿ ತಿರುಗಿಸಿಕೊಳ್ಳಿ, ಆಗ ಬಾಯಿಗೆ "ಐ" ತಾನಾಗಿ ಬರುತ್ತದೆ ಎಂದೆ. ಒಂದು ವಾರ ಹಿಡಿಯಿತು.

ಇನ್ನು "ಎಸ್" ಅಕ್ಷರ. ಏಳುತ್ತೇನೆ, ಏಳುತ್ತೀಯ, ಏಳುತ್ತಾಳೆ ಎಂದು ಹೆಜ್ಜೆಹೆಜ್ಜೆಗೆ ಬದಲಾಗುವ ಕ್ರಿಯಾಪದಕ್ಕೆ ಒಗ್ಗಿದ ನಮಗೆ ಇಂಗ್ಲಿಷಿನಲ್ಲಿ ಅವನು, ಅವಳು, ಅದು ಎಂಬಲ್ಲಿ ಮಾತ್ರ ಒಂದು ಎಸ್ ಸೇರಿಸುವುದು ಕಷ್ಟವಾಗಬಾರದು. ಕಷ್ಟವಿರುವುದು ಪ್ರಶ್ನೆಯಲ್ಲಿ ಮತ್ತು ನಿಷೇಧದಲ್ಲಿ, ಏಕೆಂದರೆ ಅಲ್ಲಿ ಆ ಎಸ್ ಜಾಗ ಬದಲಿಸುತ್ತದೆ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂಬದಿಯಲ್ಲಿ ಚಿಕ್ಕಮ್ಮ "ಶಿ ಲೈಕ್ಸ್ ಮಿಲ್ಕ್" ಎಂದು ಬರೆದು ಕೊನೆಯ ಎಸ್‌ಗೆ ಕೆಂಪು ಸುತ್ತು ಹಾಕಿದರು. ಕೆಳಗೆ "ಡಸ್ ಶಿ ಲೈಕ್ಸ್ ಮಿಲ್ಕ್" ಎಂದು ಬರೆದಾಗ ಕೆಂಪು ಸುತ್ತುಗಳು ಎರಡಾದವು. ಡಸ್ ಬಂದ ಮೇಲೆ ಎಸ್ ಅದರೊಳಗೇ ಸೇರಿಹೋಗಿದೆ ಎಂದಾಗ ಅವರು ಎರಡನೆಯದನ್ನು ತಾವೇ ಹೊಡೆದುಹಾಕಿದರು. ಪಟ್ಟಿಯನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಈ ಕೆಂಪು ಸುತ್ತೇ ಮೇಲು ಎಂದು ನಾನು ನಂಬುತ್ತೇನೆ.

ಕಳೆದ ಭಾನುವಾರ ಮೊಮ್ಮಗಳು ಅಜ್ಜನಿಗೂ ಒಂದು ಲೋಟ ಚಹಾ ಬೇಕೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಚಿಕ್ಕಮ್ಮ ಒಲೆಯ ಮುಂದಿನಿಂದ ತಿರುಗದೆಯೇ, "ಅಜ್ಜ ಡಸಂಟ್ ಡ್ರಿಂಕ್ ಟೀ. ಹಿ ಡ್ರಿಂಕ್ಸ್ ಕಾಫಿ" ಎಂದರು.