ತೀರ್ಥಹಳ್ಳಿಯ ಮಳೆಯಲ್ಲಿ ಚಾರ್ಲಿ ಹೇಡನ್

ಮೊಬೈಲ್ ಫೋನಿನ ಪುಟ್ಟ ಸ್ಪೀಕರಿನಲ್ಲಿ ಡಬಲ್ ಬಾಸ್ ಕೇಳಿಸುವುದಿಲ್ಲ. ಪಿಟೀಲಿನ ಜಾತಿಯ, ಆಳೆತ್ತರದ ಆ ವಾದ್ಯದ ಅತಿ ಕೆಳಗಿನ ಸ್ವರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಆಳದ ನಾದವನ್ನು ಹೊರಡಿಸುವ ಶಕ್ತಿ ಉಗುರಗಲದ ಸ್ಪೀಕರಿಗೆ ಇಲ್ಲ. ಇದು ಗೊತ್ತಿದ್ದೂ ಆ ದಿನ ನಾನು ಅಮೆರಿಕದ ಜಾಝ್ ಬಾಸ್ ವಾದಕ ಚಾರ್ಲಿ ಹೇಡನ್ ನುಡಿಸಿದ್ದನ್ನು ಮಕ್ಕಳಿಗೆ ಮೊದಲು ಫೋನಿನಲ್ಲೇ ಹಾಕಿ ಕೇಳಿಸಿದೆ. ಏನು ಕೇಳಿಸುತ್ತಿಲ್ಲ ಎಂಬುದು ಅವರಿಗೆ ತಿಳಿಯಬೇಕಿತ್ತು.

ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಸಂಗೀತ ಕಲಿಸುತ್ತೇನೆ. ಆಗ ಆಗಸ್ಟ್ ತಿಂಗಳ ಆರಂಭ, ತುಂಗೆ ತುಂಬಿ ಹರಿಯುತ್ತಿದ್ದಳು, ಹೆಂಚಿನ ಮೇಲೆ ಬೀಳುವ ಮಳೆಯ ಸದ್ದಿಗೆ ಪಾಠ ಮಾಡುವವರೆಲ್ಲ ಗಂಟಲು ಏರಿಸಬೇಕಾದ ಕಾಲ. ಸ್ವಾತಂತ್ರ್ಯ ದಿನಾಚರಣೆಯ ಸಮೂಹಗಾನಕ್ಕೆ ತಾಲೀಮು ನಡೆಯುತ್ತಿತ್ತು. ಹಿಂದಿನ ವರ್ಷದವರೆಗೂ ಎಲ್ಲರ ಮುಂದೆ ನಿಂತು ಹಾಡು ಎತ್ತಿಕೊಡುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗ ಅಂದು ಕಡೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿದ್ದ. ಅವನ ಗಂಟಲು ಒಡೆದಿತ್ತು. ಬಿಳಿ ಐದರ (ಹಾರ್ಮೋನಿಯಂನ ಐದನೆಯ ಬಿಳಿ ಮನೆಯ) ಶ್ರುತಿಯಲ್ಲಿ ತಾರಸ್ಥಾಯಿಯ ಗಾಂಧಾರವನ್ನು ಆಡುತ್ತಾಡುತ್ತ ಮುಟ್ಟುತ್ತಿದ್ದವನಿಗೆ ಈಗ ಮಧ್ಯಸ್ಥಾಯಿಯ ಪಂಚಮದ ಬಳಿಯೇ ದನಿ ಸೀಳುತ್ತಿತ್ತು. ಅಡಿಕೆ ಮರ ಹತ್ತಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಅವನ ಅಪ್ಪ, ಮಗ ಭಜನೆಯಲ್ಲಿ ಹಾಡುವುದನ್ನು ಕೇಳಲೆಂದೇ ಕೆಲಸ ಬೇಗ ಮುಗಿಸಿಕೊಂಡು ಬರುತ್ತಿದ್ದರು.

"ನಂಗೆ ಇನ್ನು ಹಾಡೋಕೆ ಬರಲ್ಲ ಟೀಚರ್, ನನ್ನ ಹೆಸರು ತೆಗೆದುಬಿಡಿ" ಎಂದ.

ಈ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆದು ತಂತುಗಳು ಉದ್ದವಾಗುತ್ತವೆ, ಗಂಡುಮಕ್ಕಳ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿಯಷ್ಟು ಕೆಳಗಿಳಿದು ಕೆಲವು ತಿಂಗಳುಗಳಲ್ಲಿ ನೆಲೆ ನಿಲ್ಲುತ್ತದೆ ಎಂದು ಅವನಿಗೆ ವಿವರಿಸಿದೆ. ಅವನು ತಲೆಯಾಡಿಸಿದ, ಆದರೆ ಮುಖ ಅರಳಲಿಲ್ಲ. ಹದಿನಾಲ್ಕರ ಹುಡುಗನಿಗೆ ಶರೀರಶಾಸ್ತ್ರದ ಸಮಾಧಾನ ಸಾಲುವುದಿಲ್ಲ. ಆಗ ನಾನು ಬಹಳ ಕಾಲದಿಂದ ಪ್ರೀತಿಸುತ್ತ ಬಂದಿರುವ ಚಾರ್ಲಿ ಹೇಡನ್ ಅವರ ಬದುಕನ್ನು ಇಡೀ ತರಗತಿಗೆ ಹೇಳತೊಡಗಿದೆ.

ಹೇಡನ್ ಹುಟ್ಟಿದ್ದು 1937ರಲ್ಲಿ, ಅಮೆರಿಕದ ಅಯೋವಾ ರಾಜ್ಯದ ಶೆನಂಡೋವಾ ಎಂಬ ಸಣ್ಣ ಊರಿನಲ್ಲಿ. ಮನೆಮಂದಿಯೆಲ್ಲ ಸೇರಿ ರೇಡಿಯೋದಲ್ಲಿ ಹಳ್ಳಿಗಾಡಿನ ಹಾಡುಗಳನ್ನು ಹಾಡುತ್ತಿದ್ದ ಕುಟುಂಬ ಅವರದು. ಎರಡು ವರ್ಷ ತುಂಬುವ ಮೊದಲೇ ಆ ಮಗುವನ್ನೂ ಮೈಕಿನ ಮುಂದೆ ಹಾಡಿಸಿದ್ದರು. ಹದಿನೈದನೆಯ ವಯಸ್ಸಿನಲ್ಲಿ ಪೋಲಿಯೋ ಬಂದು ಮುಖ ಮತ್ತು ಗಂಟಲಿನ ಸ್ನಾಯುಗಳಿಗೆ ತಾಗಿತು, ಹಾಡುಗಾರಿಕೆ ಅಲ್ಲಿಗೆ ನಿಂತಿತು. ಅಣ್ಣ ನುಡಿಸುತ್ತಿದ್ದ ಬಾಸ್ ಮನೆಯಲ್ಲೇ ಇತ್ತು. ಹುಡುಗ ಅದಕ್ಕೆ ಮನಸ್ಸು ಕೊಟ್ಟ. ಇಪ್ಪತ್ತರ ಹೊತ್ತಿಗೆ ಲಾಸ್ ಏಂಜಲೀಸ್ ಸೇರಿ, 1959ರಲ್ಲಿ ಸ್ಯಾಕ್ಸೋಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ತಂಡದಲ್ಲಿ ನುಡಿಸಿದ್ದು ಜಾಝ್ ಸಂಗೀತದ ದಾರಿಯನ್ನೇ ಬದಲಿಸಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ತಂಡದಲ್ಲಿ ಪಿಯಾನೋ ಇರಲಿಲ್ಲ. ಸ್ಯಾಕ್ಸೋಫೋನ್, ತುತ್ತೂರಿಯಂಥ ಕಾರ್ನೆಟ್, ಬಾಸ್, ಡ್ರಮ್ಸ್, ಇಷ್ಟೇ. ಸಾಮಾನ್ಯವಾಗಿ ಪಿಯಾನೋದ ಸ್ವರಗುಚ್ಛಗಳು ಮೊದಲೇ ಗೆರೆ ಎಳೆದಿಟ್ಟ ಹಾದಿಯಲ್ಲಿ ಬಾಸ್ ಹೆಜ್ಜೆ ಹಾಕುತ್ತದೆ. ಇಲ್ಲಿ ಆ ಗೆರೆಯೇ ಇಲ್ಲ. ಕೋಲ್ಮನ್ ತಮಗೆ ತೋಚಿದ ಕಡೆಗೆ ರಾಗವನ್ನು ಒಯ್ದರೆ, ಆ ಕ್ಷಣಕ್ಕೆ ಅದರ ಕೆಳಗೆ ಯಾವ ಸ್ವರ ನಿಲ್ಲಬೇಕೆಂಬುದನ್ನು ಹೇಡನ್ ಕಿವಿಯೊಂದನ್ನೇ ನಂಬಿ ಹುಡುಕಬೇಕು. ಮುಂದೆ ನಿಂತವರ ಸ್ವಾತಂತ್ರ್ಯ ಹಿಂದೆ ನಿಂತವರ ಆಲಿಸುವಿಕೆಯಿಂದ ಸಾಧ್ಯವಾಗುತ್ತದೆ ಎಂದು ನಾನು ಆ ಧ್ವನಿಮುದ್ರಣಗಳಿಂದಲೇ ಕಲಿತೆ. ಹಾಡಲಾಗದವರಿಗೆ ಕೊಡುವ ಎರಡನೆಯ ದರ್ಜೆಯ ಸ್ಥಾನ ಅದಲ್ಲ, ಸಂಗೀತದ ಅರ್ಧ ಭಾರ ಅದರ ಮೇಲಿದೆ.

ಫೋನಿನಲ್ಲಿ ಕೇಳಿದಾಗ ಮಕ್ಕಳು, "ಪೀಪಿ ಥರದ್ದು ಕೇಳುತ್ತೆ, ಡ್ರಮ್ಸ್ ಕೇಳುತ್ತೆ" ಎಂದರು. ನಂತರ ಪ್ರಾರ್ಥನೆಗೆ ಬಳಸುವ ಆಂಪ್ಲಿಫೈಯರಿಗೆ ಫೋನನ್ನು ಜೋಡಿಸಿ, ದೊಡ್ಡ ಸ್ಪೀಕರ್ ಬಾಕ್ಸನ್ನು ಮೇಜಿನ ಮೇಲೆ ಇರಿಸಿದೆವು. ಬಾಸ್ ಹೊರಟಾಗ ಬಾಕ್ಸಿನ ಮುಂಭಾಗದ ಬಟ್ಟೆ ಸಣ್ಣಗೆ ಅದುರಿತು, ಮೇಜಿನ ಮೇಲಿದ್ದ ಸೀಮೆಸುಣ್ಣದ ತುಂಡುಗಳು ಕಂಪಿಸಿದವು. ಹುಡುಗ ಕಡೆಯ ಬೆಂಚಿನಿಂದ ಎದ್ದು ಬಂದು ಬಾಕ್ಸಿನ ಮೇಲೆ ಅಂಗೈ ಇಟ್ಟುಕೊಂಡು ನಿಂತ. ಬಹಳ ಹೊತ್ತು ಕೇಳಿದ ಮೇಲೆ, "ಅವರು ಎತ್ತಲಾಗೋ ಹೋಗ್ತಾರೆ ಟೀಚರ್, ಇವರು ಕೈ ಬಿಡಲ್ಲ" ಎಂದ. ಜಾಝ್ ಕುರಿತು ನಾನು ಓದಿದ ಯಾವ ವಿಮರ್ಶೆಯೂ ನನಗೆ ಇದಕ್ಕಿಂತ ಹೆಚ್ಚಿನದನ್ನು ಹೇಳಿಲ್ಲ.

ಹೇಡನ್ ಮುಂದೆ ತಾವೇ ತಂಡ ಕಟ್ಟಿದರು. 1969ರಲ್ಲಿ ಲಿಬರೇಷನ್ ಮ್ಯೂಸಿಕ್ ಆರ್ಕೆಸ್ಟ್ರಾ ಎಂಬ ದೊಡ್ಡ ತಂಡಕ್ಕೆ ಜಾಝ್ ಸಂಯೋಜಕಿ ಕಾರ್ಲಾ ಬ್ಲೇ ಅವರಿಂದ ಸಂಯೋಜನೆ ಮಾಡಿಸಿ, ಸ್ಪೇನಿನ ಅಂತರ್ಯುದ್ಧದ ಹಾಡುಗಳನ್ನು ನುಡಿಸಿದರು. 1971ರಲ್ಲಿ ಪೋರ್ಚುಗಲ್‌ನ ವೇದಿಕೆಯೊಂದರಲ್ಲಿ, ಆ ದೇಶದ ವಸಾಹತುಗಳಾಗಿದ್ದ ಅಂಗೋಲಾ, ಮೊಜಾಂಬಿಕ್ ಮತ್ತು ಗಿನಿಯ ಕಪ್ಪು ಜನರ ವಿಮೋಚನಾ ಹೋರಾಟಕ್ಕೆ ತಮ್ಮ ರಚನೆಯೊಂದನ್ನು ಅರ್ಪಿಸಿದ್ದಕ್ಕಾಗಿ ಅಲ್ಲಿನ ರಹಸ್ಯ ಪೊಲೀಸರು ಅವರನ್ನು ಬಂಧಿಸಿ ವಿಚಾರಣೆ ನಡೆಸಿದರು. ಸ್ವಾತಂತ್ರ್ಯ ದಿನದ ಹಾಡಿಗೆ ತಾಲೀಮು ಮಾಡುತ್ತಿದ್ದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. 1982ರಲ್ಲಿ ಕ್ಯಾಲಿಫೋರ್ನಿಯಾದ ಕಲಾಸಂಸ್ಥೆ ಕ್ಯಾಲ್‌ಆರ್ಟ್ಸ್‌ನಲ್ಲಿ ಜಾಝ್ ವಿಭಾಗವನ್ನು ಆರಂಭಿಸಿದ್ದೂ ಅವರೇ. ಮೊದಲು ಒಳ್ಳೆಯ ಮನುಷ್ಯರಾಗಲು ಶ್ರಮಿಸಿ, ಒಳ್ಳೆಯ ಸಂಗೀತಗಾರರಾಗುವುದು ಆಮೇಲಿನದು ಎಂಬುದು ಅವರು ಶಿಷ್ಯರಿಗೆ ಹೇಳುತ್ತಿದ್ದ ಮಾತಿನ ತಿರುಳು.

ನಮ್ಮ ಶಾಲೆಯ ತಂಬೂರ ಮಳೆಗಾಲದಲ್ಲಿ ಬಹಳ ಹಟ ಮಾಡುತ್ತದೆ. ತೇವಕ್ಕೆ ಬಿರಡೆಗಳು ಉಬ್ಬಿ ತಿರುಗುವುದೇ ಇಲ್ಲ. ಆ ಮಧ್ಯಾಹ್ನ ಹುಡುಗನೊಂದಿಗೆ ಕುಳಿತು ಮಂದ್ರದ ಬಿರಡೆಯನ್ನು ಕಳಚಿ, ಒಣಬಟ್ಟೆಯಿಂದ ಒರೆಸಿ, ಒಣ ಸಾಬೂನು ಮತ್ತು ಸೀಮೆಸುಣ್ಣ ಸವರಿ ಮತ್ತೆ ಕೂರಿಸಿದೆ. ತಂತಿಗಳನ್ನು ಹೊರುವ ಕುದುರೆಯ ಮೇಲೆ ತಂತಿಯಡಿಗೆ ಹತ್ತಿಯ ಎಳೆಯನ್ನು ಇಟ್ಟು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುವುದನ್ನು ತೋರಿಸಿದೆ. ಎಳೆ ತನ್ನ ಜಾಗಕ್ಕೆ ಬಂದ ಕೂಡಲೇ ಒಣಗಿದ್ದ ತಂತಿಯ ದನಿ ತುಂಬಿಕೊಂಡು, ಷಡ್ಜದೊಳಗೆ ಗಾಂಧಾರವೂ ಕೇಳತೊಡಗುತ್ತದೆ. ಅವನಿಗೆ ಅದು ಕೇಳಿತು. ಆ್ಯಪ್‌ನಲ್ಲಿ ಒತ್ತಿದರೆ ಬರುವ ತಂಬೂರವನ್ನು ನಾನೂ ಪ್ರಯಾಣದಲ್ಲಿ ಬಳಸುತ್ತೇನೆ, ಆದರೆ ಕಲಿಯುವ ಮಕ್ಕಳ ಕೈಗೆ ಅದನ್ನು ಕೊಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ಶ್ರುತಿ ಸೇರಿಸುವ ಶ್ರಮದಲ್ಲೇ ಕಿವಿ ತಯಾರಾಗುತ್ತದೆ.

"ಅವರು ಮತ್ತೆ ಹಾಡಲೇ ಇಲ್ವಾ ಟೀಚರ್?" ಎಂದು ತಂತಿ ಮೀಟುತ್ತಲೇ ಕೇಳಿದ. ಹೇಡನ್ ಹಾಡಿದರು ಎಂದೆ. 1999ರ ಒಂದು ಧ್ವನಿಮುದ್ರಿಕೆಯಲ್ಲಿ, ಆಮೇಲೆ 2008ರಲ್ಲಿ ಮಕ್ಕಳನ್ನೆಲ್ಲ ಸೇರಿಸಿಕೊಂಡು ಬಾಲ್ಯದ ಹಾಡುಗಳನ್ನು ಮುದ್ರಿಸಿದಾಗ, ಎಪ್ಪತ್ತು ದಾಟಿದ ದುರ್ಬಲ ಕಂಠದಲ್ಲಿ ತಾವೂ ಹಾಡಿದರು. 2014ರಲ್ಲಿ ತೀರಿಕೊಳ್ಳುವ ಮೊದಲಿನ ವರ್ಷಗಳಲ್ಲಿ ಪೋಲಿಯೋದ ಶೇಷಪರಿಣಾಮಗಳು ಮರಳಿ ಬಂದು ಅವರನ್ನು ಕಾಡಿದವು ಎಂಬುದನ್ನೂ ಮುಚ್ಚಿಡದೆ ಹೇಳಿದೆ. ಅವರದು ಕಾಯಿಲೆ, ನಿನ್ನದು ಬೆಳವಣಿಗೆ, ಎರಡನ್ನೂ ಒಂದೇ ಎಂದುಕೊಳ್ಳಬೇಡ ಎಂದೂ ಸೇರಿಸಿದೆ.

ಸಮಾರಂಭಕ್ಕೆ ಕರೋಕೆ ಟ್ರ್ಯಾಕ್ ಹಾಕಿ ಹಾಡಿಸೋಣವೆಂದು ಸಹೋದ್ಯೋಗಿಗಳು ಸೂಚಿಸಿದ್ದರು. ತಂಬೂರ ಮತ್ತು ಹಾರ್ಮೋನಿಯಂ ಎರಡೇ ಸಾಕೆಂದು ಅವರನ್ನು ಒಪ್ಪಿಸಿದೆ. ಅವನ ಹೆಸರನ್ನು ಪಟ್ಟಿಯಿಂದ ತೆಗೆಯಲಿಲ್ಲ, ತಂಬೂರದ ಮುಂದೆ ಬರೆದೆ. ಗಂಟಲು ಒಡೆಯುವ ಹಂತದಲ್ಲಿರುವ ಇನ್ನೂ ಕೆಲವು ಹುಡುಗರು ಗುಂಪಿನಲ್ಲಿದ್ದುದರಿಂದ ಶ್ರುತಿಯನ್ನು ಬಿಳಿ ಐದರಿಂದ ಬಿಳಿ ನಾಲ್ಕಕ್ಕೆ ಇಳಿಸಿ, ಅವರಿಗೆ ಪಲ್ಲವಿಯನ್ನು ಕೆಳಗಿನ ಸ್ಥಾಯಿಯಲ್ಲಿ ಹಾಡುವಂತೆ ಬೇರೆಯಾಗಿ ಪಾಠ ಮಾಡಿದೆ. ತಂಬೂರ ಮೀಟುತ್ತಿದ್ದವನೂ ಎರಡನೆಯ ಚರಣದ ಹೊತ್ತಿಗೆ ಅವರ ಸಾಲಿಗೆ ದನಿ ಸೇರಿಸಿದ.